ಹೆಸರು ಅದೇ, ದನಿ ಬೇರೆ

ದುಬಾರಿ ಹೆಡ್‌ಫೋನುಗಳು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಣೆಗೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ. ಆಗ ನಿಜಕ್ಕೂ ಬದಲಾಗುವುದೇನು? ಅದರಿಂದ ಸಂಗೀತಕ್ಕೆ ದಕ್ಕುವುದೇನು, ತಪ್ಪುವುದೇನು?

ಜರ್ಮನಿಯ ಸೆನ್‌ಹೈಸರ್ ಕಂಪನಿ 2009ರಲ್ಲಿ ಎಚ್‌ಡಿ 800 ಎಂಬ ಹೆಡ್‌ಫೋನನ್ನು ಹೊರತಂದಾಗ ಸಂಗೀತಪ್ರಿಯರ ವಲಯದಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅದರಲ್ಲಿದ್ದದ್ದು 56 ಮಿಲಿಮೀಟರ್ ಅಗಲದ, ನಡುವೆ ತೆರಪಿರುವ ಉಂಗುರದಾಕಾರದ ಡ್ರೈವರ್, ಅಂದರೆ ಕಂಪಿಸಿ ದನಿ ಹುಟ್ಟಿಸುವ ಭಾಗ. ಅದನ್ನು ಕಿವಿಗೆ ಒತ್ತಿಕೊಳ್ಳದಂತೆ, ತುಸು ಮುಂದಕ್ಕೆ, ಓರೆಯಾಗಿ, ದೂರದಲ್ಲಿ ನಿಲ್ಲಿಸಲಾಗಿತ್ತು. ದನಿ ತಲೆಯೊಳಗೆ ಮೂಡದೆ ಎದುರಿನಿಂದ ಹರಡಿಕೊಂಡು ಬಂದಂತೆ ಕೇಳಬೇಕು ಎಂಬುದು ಆ ವಿನ್ಯಾಸದ ಆಸೆ. ಏಳು ವರ್ಷಗಳ ನಂತರ, 2016ರಲ್ಲಿ, ಅದೇ ಹೆಡ್‌ಫೋನು ಎಚ್‌ಡಿ 800 ಎಸ್ ಆಗಿ ಬಂತು. ಆಕಾರ ಅದೇ, ಡ್ರೈವರಿನ ತತ್ತ್ವವೂ ಅದೇ. ಬೆಳ್ಳಿಬಣ್ಣದ ಜಾಗಕ್ಕೆ ಕಪ್ಪು ಬಂದಿತ್ತು. ಉಂಗುರದ ನಡುವಿನ ತೆರಪಿನಲ್ಲಿ ಒಂದು ಪುಟ್ಟ ಭಾಗ ಸೇರಿಕೊಂಡಿತ್ತು. ಅಷ್ಟರಿಂದಲೇ ಕೇಳುಗರು ಎರಡು ಪಾಲಾದರು. ಹಳೆಯದರ ಚೂಪು ಹೋಯಿತು, ಈಗ ಗಂಟೆಗಟ್ಟಲೆ ಕೇಳಬಹುದು ಎಂದು ಕೆಲವರು ನೆಮ್ಮದಿಪಟ್ಟರು. ಹಳೆಯದರಲ್ಲಿದ್ದ ಬಯಲಿನ ಅನುಭವ ಕುಗ್ಗಿತು ಎಂದು ಇನ್ನು ಕೆಲವರು ಮರುಗಿದರು.

ಈ ಎರಡೂ ಮಾತಿನಲ್ಲಿ ಸತ್ಯವಿದೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡಾಗಲೇ ಹೆಡ್‌ಫೋನಿನ ಪರಿಷ್ಕರಣೆ ಎಂದರೇನೆಂದು ಅರ್ಥವಾಗುತ್ತದೆ. ಜಾಹೀರಾತು ಪ್ರತಿ ಹೊಸ ಆವೃತ್ತಿಯನ್ನೂ ಹಳೆಯದಕ್ಕಿಂತ ಒಂದು ಮೆಟ್ಟಿಲು ಮೇಲೆಂದು ತೋರಿಸುತ್ತದೆ. ಸಂಶಯಪಡುವವರು, ಅದೆಲ್ಲ ಬಣ್ಣ ಬದಲಿಸಿ ಮತ್ತೆ ಮಾರುವ ಉಪಾಯ ಎನ್ನುತ್ತಾರೆ. ಭೌತಶಾಸ್ತ್ರ ಹೇಳುವುದು ಇವೆರಡಕ್ಕೂ ಹೊರತಾದ ಮಾತು. ಹೆಡ್‌ಫೋನಿನಲ್ಲಿ ಒಂದು ಸಣ್ಣ ಭಾಗವನ್ನು ಬದಲಿಸಿದರೂ ದನಿ ನಿಜಕ್ಕೂ ಬದಲಾಗುತ್ತದೆ. ಆದರೆ ಆ ಬದಲಾವಣೆ ಬಹುಮಟ್ಟಿಗೆ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಹಾರ. ಹಾಗಾಗಿ ಪರಿಷ್ಕೃತ ಹೆಡ್‌ಫೋನನ್ನು ಹಳೆಯದರ ತಿದ್ದಿದ ಪ್ರತಿ ಎಂದು ನೋಡುವ ಬದಲು ಅದೇ ಹೆಸರಿನ ಬೇರೆ ವಾದ್ಯ ಎಂದು ನೋಡಬೇಕು. ಏನನ್ನು ಕೊಟ್ಟು ಏನನ್ನು ಪಡೆಯಲಾಗಿದೆ ಎಂಬುದನ್ನು ತಯಾರಕರು ಮುಚ್ಚಿಡದೆ ಹೇಳಬೇಕು. ಲಕ್ಷ ರೂಪಾಯಿ ಮುಟ್ಟುವ ಬೆಲೆ ತೆರುವವರಿಗೆ ಅಷ್ಟನ್ನು ಕೇಳುವ ಹಕ್ಕಿದೆ.

ಡ್ರೈವರ್ ಒಂದರಿಂದ ದನಿ ಹುಟ್ಟದು

ಹೆಡ್‌ಫೋನಿನ ಬೆಲೆಯನ್ನು ಸಮರ್ಥಿಸುವಾಗ ಡ್ರೈವರಿನ ಹೆಸರೇ ಮುಂದೆ ಬರುತ್ತದೆ. ಬೆರಿಲಿಯಮ್ ಪೊರೆ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಪೊರೆ, ಶಕ್ತಿಶಾಲಿ ಆಯಸ್ಕಾಂತ ಇತ್ಯಾದಿ. ಡ್ರೈವರ್ ಮುಖ್ಯ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಿವಿತಮಟೆಯನ್ನು ಮುಟ್ಟುವ ದನಿಯನ್ನು ರೂಪಿಸುವುದರಲ್ಲಿ ಬೇರೆ ಎಷ್ಟೋ ಸಂಗತಿಗಳ ಪಾಲಿದೆ: ಪೊರೆಯ ಮುಂದಿನ ಗಾಳಿ, ಹಿಂದಿನ ಗಾಳಿ, ಹಿಂಬದಿಯ ತೂತುಗಳನ್ನು ಮುಚ್ಚಿದ ಕಾಗದ ಅಥವಾ ಬಟ್ಟೆ, ಚಿಪ್ಪಿನ ಒಳಗೋಡೆ, ಕಿವಿಯ ಸುತ್ತ ಕೂರುವ ಪ್ಯಾಡ್, ಆ ಪ್ಯಾಡಿನಡಿ ಸೋರಿಹೋಗುವ ಗಾಳಿ, ಕೊನೆಗೆ ಕೇಳುವವರ ಕಿವಿಯ ಆಕಾರ. ಎರಡೂವರೆ ಸೆಂಟಿಮೀಟರ್ ಆಸುಪಾಸಿನ ನಮ್ಮ ಕಿವಿಗೊಳವೆ ತಾನೇ ಒಂದು ಅನುರಣಕ. ಅದು 3 ಕಿಲೋಹರ್ಟ್ಸ್ ಸುತ್ತಮುತ್ತಲಿನ ದನಿಯನ್ನು ಹತ್ತು ಡೆಸಿಬಲ್‌ಗೂ ಮಿಗಿಲಾಗಿ ಎತ್ತಿಕೊಡುತ್ತದೆ. ಹುಟ್ಟಿನಿಂದ ಆ ಕಿವಿಯಲ್ಲೇ ಲೋಕವನ್ನು ಕೇಳಿದ ಮೆದುಳಿಗೆ ಅದು ಸಹಜ. ಅದರ ಮುಂದೆ ಹೆಡ್‌ಫೋನಿನ ಚಿಪ್ಪನ್ನು ಇಟ್ಟಾಗ ಚಿಪ್ಪು ಮತ್ತು ಕಿವಿ ಸೇರಿ ಹೊಸದೊಂದು ಗಾಳಿಕೋಣೆಯಾಗುತ್ತದೆ.

ಆ ಕೋಣೆ ಎಲ್ಲ ಸ್ವರಗಳನ್ನೂ ಒಂದೇ ಬಗೆಯಲ್ಲಿ ನಡೆಸಿಕೊಳ್ಳುವುದಿಲ್ಲ. ಮನುಷ್ಯ ಕೇಳಬಲ್ಲ ಅತಿ ತಗ್ಗಿನ 20 ಹರ್ಟ್ಸ್ ದನಿಯ ತರಂಗದೂರ ಸುಮಾರು 17 ಮೀಟರ್. ಅತಿ ಎತ್ತರದ 20 ಕಿಲೋಹರ್ಟ್ಸ್ ದನಿಯದು 1.7 ಸೆಂಟಿಮೀಟರ್. ಹದಿನೇಳು ಮೀಟರಿನ ಅಲೆಗೆ ಅಂಗೈಯಗಲದ ಚಿಪ್ಪಿನ ಆಕಾರ ಲೆಕ್ಕಕ್ಕಿಲ್ಲ. ಅಲ್ಲಿ ಮುಖ್ಯವಾಗುವುದು ಒತ್ತಡ ಸೋರುತ್ತದೆಯೇ ಇಲ್ಲವೇ, ಪೊರೆ ಎಷ್ಟು ಸಡಿಲವಾಗಿ ಓಲಾಡಬಲ್ಲದು ಎಂಬೆರಡು ಸಂಗತಿ. ಕೆಲವೇ ಸೆಂಟಿಮೀಟರಿನ ಅಲೆಗಾದರೋ ಚಿಪ್ಪಿನ ಪ್ರತಿ ಮೂಲೆಯೂ ಗೋಡೆ, ಪ್ರತಿ ತಿರುವೂ ಪ್ರತಿಫಲಕ. ಈ ಒಂದು ಭೇದವನ್ನು ನೆನಪಿಟ್ಟುಕೊಂಡರೆ ಪರಿಷ್ಕರಣೆಗಳ ಗೋಜಲು ಅರ್ಧ ಬಿಡಿಸಿದಂತೆ. ಪ್ಯಾಡಿನ ಬಿಗಿ, ತೂತು, ಪೊರೆಯ ಅಂಚು ಬದಲಾದರೆ ಬೇಸ್ ಬದಲಾಗುತ್ತದೆ. ಆಕಾರ, ದೂರ, ಒಳಗಿನ ಸಣ್ಣ ಭಾಗಗಳು ಬದಲಾದರೆ ಟ್ರೆಬಲ್ ಬದಲಾಗುತ್ತದೆ. ಪ್ಯಾಡಿನ ದಪ್ಪವನ್ನು ತಿದ್ದಿದರೆ ಎರಡೂ ಒಟ್ಟಿಗೆ ಅಲುಗುತ್ತವೆ.

ಸಣ್ಣ ಭಾಗದ ದೊಡ್ಡ ಪರಿಣಾಮಕ್ಕೆ ಸೆನ್‌ಹೈಸರ್‌ನದೇ ಇನ್ನೊಂದು ಹಳೆಯ ಉದಾಹರಣೆಯಿದೆ. 1997ರ ಎಚ್‌ಡಿ 600 ಇಂದಿಗೂ ಸ್ಟುಡಿಯೋಗಳಲ್ಲಿ, ಮನೆಗಳಲ್ಲಿ ಉಳಿದಿರುವ ಹೆಡ್‌ಫೋನು. 2003ರಲ್ಲಿ ಬಂದ ಎಚ್‌ಡಿ 650 ಅದೇ ವಂಶದ್ದು, ಅದೇ ಗಾತ್ರದ್ದು, ಅದೇ 300 ಓಮ್ ಇಂಪಿಡೆನ್ಸಿನದು (ವಿದ್ಯುತ್ತಿಗೆ ಒಡ್ಡುವ ತಡೆ). ಮುಖ್ಯ ವ್ಯತ್ಯಾಸವೆಂದರೆ ಪೊರೆಯ ಉಸಿರಾಟವನ್ನು ಹದಗೊಳಿಸಲು ಬಳಸಿದ ನಯವಾದ ರೇಷ್ಮೆಯಂಥ ಬಟ್ಟೆ, ಮತ್ತು ಎಡಬಲದ ಡ್ರೈವರುಗಳನ್ನು ಹೊಂದಿಸಿ ಆರಿಸುವ ಕ್ರಮ. ಅಳತೆಯಲ್ಲಿ ಇವೆರಡರ ನಡುವೆ ಕಾಣುವ ಅಂತರ ಒಂದೆರಡು ಡೆಸಿಬಲ್‌ನಷ್ಟು. ಆದರೆ ಆ ಅಂತರ ಕಿರಿದಾದ ಒಂದು ಬಿಂದುವಿಗೆ ಸೀಮಿತವಾಗದೆ ಅಗಲವಾದ ವಲಯದಲ್ಲಿ ಹರಡಿಕೊಂಡಿರುವುದರಿಂದ ಕಿವಿ ಅದನ್ನು ಸುಲಭವಾಗಿ ಹಿಡಿಯುತ್ತದೆ. ಎಚ್‌ಡಿ 650 ಬೆಚ್ಚಗಿದೆ, ಎಚ್‌ಡಿ 600 ನಿಚ್ಚಳವಾಗಿದೆ ಎಂದು ಎರಡು ದಶಕಗಳಿಂದ ಕೇಳುಗರು ಹೇಳುತ್ತ ಬಂದಿರುವುದು ಬರೀ ಕಲ್ಪನೆಯಲ್ಲ. ಕಂಪನಿ ಇಂದಿಗೂ ಎರಡನ್ನೂ ಮಾರುತ್ತಿರುವುದೇ ಒಂದು ಇನ್ನೊಂದರ ಸುಧಾರಿತ ರೂಪವಲ್ಲ ಎಂಬುದಕ್ಕೆ ಸಾಕ್ಷಿ.

ಆರು ಕಿಲೋಹರ್ಟ್ಸ್‌ನ ಶಿಖರ

ಈಗ ಎಚ್‌ಡಿ 800ಕ್ಕೆ ಬರೋಣ. ಅದರ ಅಳತೆಯ ನಕ್ಷೆಯನ್ನು ಯಾರೇ ತೆಗೆದರೂ 6 ಕಿಲೋಹರ್ಟ್ಸ್ ಹತ್ತಿರ ಒಂದು ಶಿಖರ ಎದ್ದು ಕಾಣುತ್ತಿತ್ತು. ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ಅದನ್ನು 6,000ದಿಂದ ಭಾಗಿಸಿದರೆ ತರಂಗದೂರ 5.7 ಸೆಂಟಿಮೀಟರ್. ಡ್ರೈವರಿನ ಅಗಲ, ಚಿಪ್ಪಿನೊಳಗಿನ ದೂರಗಳು ಎಲ್ಲವೂ ಇದೇ ಅಂದಾಜಿನವು. ಅಲೆಯ ಅಳತೆಯೂ ಕೋಣೆಯ ಅಳತೆಯೂ ಹೊಂದಿಬಿಟ್ಟರೆ ಪ್ರತಿಫಲಿಸಿದ ಅಲೆ ಹೊಸ ಅಲೆಗೆ ಕೈಜೋಡಿಸಿ ಆ ಒಂದು ಸ್ವರಸ್ಥಾನ ಉಬ್ಬುತ್ತದೆ. ದೂರದಿಂದ, ಬಯಲಿನಂತೆ ಕೇಳಿಸಲಿ ಎಂದು ಕೊಟ್ಟ ವಿಶಾಲವಾದ ಜಾಗವೇ ಈ ಉಬ್ಬಿಗೂ ಎಡೆಮಾಡಿತು. ಹಾಡುವವರ ‘ಸ’ಕಾರದ ಸೀಳು, ತಾಳದ ಲೋಹದ ಅಂಚು, ಪಿಟೀಲಿನ ಕಮಾನಿನ ಉಜ್ಜು ಇರುವುದು ಈ ವಲಯದಲ್ಲೇ. ಒಳ್ಳೆಯ ಧ್ವನಿಮುದ್ರಣದಲ್ಲಿ ಇವು ಹೊಳೆದವು, ಕೆಟ್ಟದ್ದರಲ್ಲಿ ಕಿವಿಯನ್ನು ಚುಚ್ಚಿದವು.

ಹವ್ಯಾಸಿಗಳು ಸುಮ್ಮನಿರಲಿಲ್ಲ. ಚಿಪ್ಪಿನೊಳಗೆ ಉಣ್ಣೆಬಟ್ಟೆ, ರಬ್ಬರಿನ ಹಾಳೆ ಕತ್ತರಿಸಿ ಹಾಸಿದರು; ಉಂಗುರದ ನಡುವಿನ ತೆರಪಿಗೆ ತಾವೇ ಅನುರಣಕ ಮಾಡಿ ಕೂರಿಸಿ ನೋಡಿದರು. ಕಂಪನಿಯ ಪರಿಹಾರವೂ ಅದೇ ತೆರಪಿಗೆ ಬಂತು. 2012ರ ಐಇ 800 ಎಂಬ ಇಯರ್‌ಫೋನಿನಲ್ಲಿ ಬಳಸಿದ್ದ ಹೀರುಕೋಣೆಯ ಉಪಾಯವನ್ನು ಎಚ್‌ಡಿ 800 ಎಸ್‌ಗೆ ತರಲಾಯಿತು. ಇದರ ಹಿಂದಿರುವುದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ತತ್ತ್ವ. ಕಿರಿದಾದ ಕತ್ತಿನೊಳಗಿನ ಗಾಳಿ ಭಾರದಂತೆಯೂ ಅದರ ಹಿಂದಿನ ಕೋಣೆಯ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸಿ, ತನಗೆ ಹೊಂದುವ ಒಂದೇ ಆವರ್ತನದ ಶಕ್ತಿಯನ್ನು ತಾನು ಉಣ್ಣುತ್ತದೆ. ಅಕ್ಕಪಕ್ಕದ ಸ್ವರಗಳನ್ನು ಬಹುಮಟ್ಟಿಗೆ ಮುಟ್ಟದೆ ಶಿಖರವನ್ನಷ್ಟೇ ತಗ್ಗಿಸುವ ಬಗೆ ಇದು. ಶಿಖರ ಇಳಿದಾಗ ಅದರ ನೆರಳಿನಲ್ಲಿ ಮರೆಯಾಗಿದ್ದ ಮೆಲುದನಿಗಳು ಕೇಳತೊಡಗುತ್ತವೆ ಎಂದು ಕಂಪನಿ ಹೇಳಿತು. ಅದು ಸರಿಯಾದ ಮಾತೇ. ಜೋರಾದ ಸ್ವರ ತನ್ನ ಪಕ್ಕದ ಮೆಲು ಸ್ವರವನ್ನು ಮುಚ್ಚಿಹಾಕುವುದು ಶ್ರವಣವಿಜ್ಞಾನದಲ್ಲಿ ಗಟ್ಟಿಯಾಗಿ ಸ್ಥಾಪಿತವಾದ ಸಂಗತಿ.

ಹಾಗಾದರೆ ಹಳೆಯದನ್ನು ಬಯಸಿದವರು ಭ್ರಮೆಯಲ್ಲಿದ್ದರೇ? ಇಲ್ಲ. ದನಿಯ ದೂರ, ದಿಕ್ಕು, ಸುತ್ತಲಿನ ಜಾಗ ಇವನ್ನು ಊಹಿಸಲು ಮೆದುಳು ಬಳಸುವ ಸುಳಿವುಗಳಲ್ಲಿ ಬಹಳಷ್ಟು ಇರುವುದು 4 ಕಿಲೋಹರ್ಟ್ಸ್‌ನಿಂದ ಮೇಲೆಯೇ. ಕಿವಿಯ ಹಾಲೆಯ ಮಡಿಕೆಗಳು ದನಿಯನ್ನು ತಿದ್ದುವುದೂ ಅಲ್ಲೇ. ಆ ವಲಯದಲ್ಲಿ ಶಕ್ತಿ ಹೆಚ್ಚಿದ್ದರೆ ಸಭಾಂಗಣದ ಮಾರ್ದನಿ, ವಾದ್ಯಗಳ ನಡುವಿನ ಬಿಡುವು ಎತ್ತಿ ತೋರಿದಂತಾಗುತ್ತದೆ. ಶಿಖರವನ್ನು ಇಳಿಸಿದಾಗ ಚುಚ್ಚುವಿಕೆಯ ಜತೆಗೆ ಆ ಉತ್ಪ್ರೇಕ್ಷೆಯೂ ಇಳಿಯಿತು. ಒಂದು ಪಾಳಯ ಅದನ್ನು ಗುಣ ಎಂದಿತು, ಇನ್ನೊಂದು ನಷ್ಟ ಎಂದಿತು. ಭೌತಿಕವಾಗಿ ನಡೆದದ್ದು ಒಂದೇ ಘಟನೆ.

ಕೈಬಿಟ್ಟದ್ದು ಮರಳಿ ಬಂದಾಗ

ಪರಿಷ್ಕರಣೆ ಏಕಮುಖದ ಏರುಹಾದಿಯಾಗಿದ್ದರೆ ಹಿಂದೆ ಬಿಟ್ಟದ್ದಕ್ಕೆ ಯಾರೂ ಮರಳುವುದಿಲ್ಲ. ಆದರೆ ಮರಳಿದ ಉದಾಹರಣೆ ನಮ್ಮ ಮುಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಆಡೀಜ್ ಕಂಪನಿ 2009ರಲ್ಲಿ ಎಲ್‌ಸಿಡಿ-2 ಎಂಬ ಹೆಡ್‌ಫೋನನ್ನು ಪರಿಚಯಿಸಿತು. ಇದು ಪ್ಲೇನಾರ್ ಜಾತಿಯದು. ಸುರುಳಿಗೆ ಅಂಟಿದ ಶಂಕುವಿನ ಬದಲು, ಲೋಹದ ಗೆರೆಗಳನ್ನು ಹಚ್ಚಿದ ತೆಳುವಾದ ಅಗಲ ಪೊರೆಯೊಂದು ಆಯಸ್ಕಾಂತದ ಪಟ್ಟಿಗಳ ನಡುವೆ ಇಡಿಯಾಗಿ ಓಲಾಡುತ್ತದೆ. ಇದರ ಬೇಸ್ ಆಳವಾಗಿ, ಸಮನಾಗಿ ಇಳಿಯುತ್ತದೆ. ಆದರೆ ಪೊರೆಯ ದನಿ ಕಿವಿಯನ್ನು ಮುಟ್ಟುವ ಮುನ್ನ ಆಯಸ್ಕಾಂತದ ಪಟ್ಟಿಗಳ ಸಂದಿನಿಂದ ಹಾದುಬರಬೇಕು. ಎತ್ತರದ ಸ್ವರಗಳು ಆ ಚೌಕ ಅಂಚುಗಳಿಗೆ ತಾಗಿ ಚದುರುತ್ತವೆ. ಇದನ್ನು ತಿದ್ದಲೆಂದು ಕಂಪನಿ ಪಟ್ಟಿಗಳ ಅಂಚಿಗೆ ಅಲೆಯನ್ನು ನಯವಾಗಿ ಹಾಯಿಸುವ ಫೇಜರ್ ಎಂಬ ಭಾಗಗಳನ್ನು ರೂಪಿಸಿತು, 2014ರ ಹೊತ್ತಿಗೆ ಎಲ್‌ಸಿಡಿ-2ಕ್ಕೂ ಅವನ್ನು ಅಳವಡಿಸಿತು.

ತತ್ತ್ವದ ದೃಷ್ಟಿಯಿಂದ ಇದು ಶುದ್ಧ ಸುಧಾರಣೆ. ಕೇಳಿದ ಎಷ್ಟೋ ಮಂದಿ ಮೇಲಿನ ಸ್ವರಗಳು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ತೆರೆದುಕೊಂಡವು ಎಂದರು. ಆದರೂ ಹಳೆಯ ಎಲ್‌ಸಿಡಿ-2ರ ಗಾಢವಾದ, ಮೆತ್ತನೆಯ ದನಿಗೆ ಮನಸೋತವರು ದೊಡ್ಡ ಸಂಖ್ಯೆಯಲ್ಲಿ ಉಳಿದರು. 2017ರಲ್ಲಿ ಕಂಪನಿ ಎಲ್‌ಸಿಡಿ-2 ಕ್ಲಾಸಿಕ್ ಎಂಬ ಮಾದರಿಯನ್ನು ತಂದಿತು, ಫೇಜರ್ ಇಲ್ಲದೆ. ತಾನೇ ಕಂಡುಹಿಡಿದು ಹೆಮ್ಮೆಯಿಂದ ಸೇರಿಸಿದ ಭಾಗವನ್ನು ತಾನೇ ತೆಗೆದು ಮಾರಿದ ಈ ಹೆಜ್ಜೆಯಲ್ಲಿ ಸೋಲಿಲ್ಲ, ಪ್ರಾಮಾಣಿಕತೆಯಿದೆ. ಎರಡು ದನಿಗಳನ್ನು ಎರಡು ಹೆಸರಿನಲ್ಲಿ ಪಕ್ಕಪಕ್ಕದಲ್ಲಿಟ್ಟು ಆಯ್ಕೆಯನ್ನು ಕೇಳುಗರಿಗೆ ಬಿಡುವುದು ಅತ್ಯಂತ ಗೌರವದ ನಡೆ.

ಪೊರೆಯ ಭಾರ, ಅಂಚಿನ ಬಿಗಿತ

ಆಕಾರದ ಬದಲಾವಣೆಗಳಿಂದ ಪೊರೆಯೊಳಗಿನ ಬದಲಾವಣೆಗೆ ಬಂದರೆ ಕೊಡುಕೊಳ್ಳುವಿಕೆಯ ಲೆಕ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂಪಿಸುವ ಪೊರೆಯ ಮೇಲೆ ಎಲ್ಲಿ ಎಷ್ಟು ಭಾರವಿದೆ ಎಂಬುದು ಅದರ ದನಿಯನ್ನು ನಿರ್ಧರಿಸುತ್ತದೆ ಎಂಬುದನ್ನು ನಮ್ಮ ಮೃದಂಗದ ಕುಶಲಕರ್ಮಿಗಳು ಎಂದೋ ಅರಿತಿದ್ದರು. ಬಲಮುಖದ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಇಲ್ಲದಿದ್ದರೆ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರೀ ಸದ್ದಾಗುತ್ತವೆ. ಹದವಾಗಿ ಪದರಪದರವಾಗಿ ಹಚ್ಚಿದ ಕರಣೆ ಅವನ್ನು ಶ್ರುತಿಬದ್ಧ ಸರಣಿಗೆ ತರುತ್ತದೆ. ಸರ್ ಸಿ.ವಿ. ರಾಮನ್ 1920ರಲ್ಲಿ ಇದರ ವೈಜ್ಞಾನಿಕ ವಿವರಣೆಯನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಇಲ್ಲಿ ತಾವೇ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇನ್ನಷ್ಟು ವಿಸ್ತಾರವಾಗಿ ಬರೆದರು. ಹೆಡ್‌ಫೋನಿನ ಪೊರೆಯೂ ಇದೇ ಗಣಿತಕ್ಕೆ ಒಳಪಟ್ಟದ್ದು. ಭಾರ, ಬಿಗಿತ, ಅವುಗಳ ಹಂಚಿಕೆ ಈ ಮೂರನ್ನು ಎಂಜಿನಿಯರುಗಳು ಹೇಗೆ ಹೊಂದಿಸುತ್ತಾರೆ ಎಂಬುದರ ಮೇಲೆ ದನಿ ನಿಂತಿದೆ.

ಸೆನ್‌ಹೈಸರ್‌ನ ಎಚ್‌ಡಿ 660 ಎಸ್ 2017ರಲ್ಲಿ ಬಂತು, ಅದರ ಪರಿಷ್ಕೃತ ರೂಪ ಎಚ್‌ಡಿ 660ಎಸ್2 2023ರಲ್ಲಿ. ಬೇಸ್ ಸಾಲದು ಎಂಬ ಹಳೆಯ ದೂರಿಗೆ ಉತ್ತರವಾಗಿ ಡ್ರೈವರಿನ ಸಹಜ ಅನುರಣನದ ಆವರ್ತನವನ್ನು 110 ಹರ್ಟ್ಸ್‌ನಿಂದ 70 ಹರ್ಟ್ಸ್‌ಗೆ ಇಳಿಸಿದ್ದಾಗಿ ಕಂಪನಿ ತಿಳಿಸಿತು. ಕೇಳಲು ಸಣ್ಣ ಸಂಖ್ಯೆ. ಮಾಡಲು ದೊಡ್ಡ ಕೆಲಸ. ಈ ಆವರ್ತನ ಬಿಗಿತವನ್ನು ಭಾರದಿಂದ ಭಾಗಿಸಿದಾಗ ಬರುವುದರ ವರ್ಗಮೂಲವನ್ನು ಅವಲಂಬಿಸಿದೆ. ಹಾಗಾಗಿ 110ರಿಂದ 70ಕ್ಕೆ ಇಳಿಯಬೇಕಾದರೆ, ಪೊರೆಯ ಭಾರ ಇದ್ದಷ್ಟೇ ಇದ್ದಲ್ಲಿ, ಬಿಗಿತ ಐದರಲ್ಲಿ ಎರಡು ಪಾಲಿಗೆ ಕುಸಿಯಬೇಕು. ಬಿಗಿತವನ್ನು ಮುಟ್ಟದೆ ಭಾರವನ್ನೇ ಏರಿಸುವುದಾದರೆ ಅದು ಹತ್ತಿರಹತ್ತಿರ ಎರಡೂವರೆ ಪಟ್ಟಾಗಬೇಕು. ಆಗ ಎತ್ತರದ ಸ್ವರಗಳಿಗೆ ಪೊರೆ ಚುರುಕಾಗಿ ಸ್ಪಂದಿಸಲಾರದು, ಒಟ್ಟು ದನಿಯೂ ಕುಂದುತ್ತದೆ. ಅಂಚನ್ನು ಸಡಿಲಿಸುವುದೇ ಜಾಣತನ. ಆದರೆ ಸಡಿಲವಾದ ಅಂಚು ಹೆಚ್ಚು ದೂರ ಓಲಾಡುವಾಗಲೂ ಹದ ತಪ್ಪದಂತೆ ನೋಡಿಕೊಳ್ಳಬೇಕಾಗುತ್ತದೆ. ಇದೇ ಪರಿಷ್ಕರಣೆಯಲ್ಲಿ ಇಂಪಿಡೆನ್ಸ್ 150 ಓಮ್‌ನಿಂದ 300 ಓಮ್‌ಗೆ ಏರಿತು. ಅಂದರೆ ಅಷ್ಟೇ ವೋಲ್ಟೇಜ್ ಕೊಡುವ ಫೋನಿನಿಂದ ಹೊಸ ಹೆಡ್‌ಫೋನು ಪಡೆಯುವ ವಿದ್ಯುತ್ ಅರ್ಧಕ್ಕೆ ಇಳಿಯಿತು. ಆಳವಾದ ಬೇಸ್ ಬಂತು. ಅದನ್ನು ಹೊಮ್ಮಿಸಲು ಒಳ್ಳೆಯ ಆಂಪ್ಲಿಫೈಯರ್ ಬೇಕೆಂಬ ಷರತ್ತೂ ಬಂತು.

ಅದೇ ಜರ್ಮನಿಯ ಬೇಯರ್‌ಡೈನಾಮಿಕ್ ಕಂಪನಿ ಎದುರು ದಿಕ್ಕಿನಲ್ಲಿ ನಡೆಯಿತು. 2009ರಲ್ಲಿ 600 ಓಮ್‌ನೊಂದಿಗೆ ಬಂದ ಅದರ ಟಿ1 ಹೆಡ್‌ಫೋನು 2020ರ ಮೂರನೆಯ ಪೀಳಿಗೆಯ ಹೊತ್ತಿಗೆ 32 ಓಮ್‌ಗೆ ಇಳಿಯಿತು. ಮೊದಲನೆಯದು ಮೇಜಿನ ಮೇಲಿನ ಭಾರೀ ಆಂಪ್ಲಿಫೈಯರನ್ನು ನಂಬಿ ಕಟ್ಟಿದ್ದು, ಕೊನೆಯದು ಕಿಸೆಯಲ್ಲಿನ ಸಾಧನವನ್ನು. ಇಂಪಿಡೆನ್ಸ್ ಎಂಬುದು ಜೋರು ಕಡಿಮೆಯ ಪ್ರಶ್ನೆಯಷ್ಟೇ ಎಂದು ತಿಳಿಯುವವರಿದ್ದಾರೆ. ಅದು ದನಿಯ ಬಣ್ಣವನ್ನೂ ಮುಟ್ಟುತ್ತದೆ. ಸುರುಳಿಯಿರುವ ಡ್ರೈವರಿನ ಇಂಪಿಡೆನ್ಸ್ ಅನುರಣನದ ಬಳಿ ಏರುತ್ತದೆ. 300 ಓಮ್‌ನ ಹೆಡ್‌ಫೋನು ಅಲ್ಲಿ 500 ಓಮ್ ಆಗುತ್ತದೆ ಎಂದಿಟ್ಟುಕೊಂಡು, ಅದನ್ನು 120 ಓಮ್ ಒಳತಡೆಯಿರುವ ಹಳೆಯ ಕಾಲದ ಆಂಪ್ಲಿಫೈಯರಿಗೆ ಜೋಡಿಸಿದರೆ, ಆ ವಲಯದ ಬೇಸ್ ಮಿಕ್ಕ ಸ್ವರಗಳಿಗಿಂತ ಸುಮಾರು 1 ಡೆಸಿಬಲ್ ಹೆಚ್ಚು ಬರುತ್ತದೆ. ಒಳತಡೆ ಸೊನ್ನೆಯ ಸಮೀಪವಿರುವ ಇಂದಿನ ಆಂಪ್ಲಿಫೈಯರಿನಲ್ಲಿ ಆ ಉಬ್ಬು ಇರುವುದಿಲ್ಲ. ಎರಡು ಆವೃತ್ತಿಗಳನ್ನು ಹೋಲಿಸಿ ತೀರ್ಪು ಕೊಡುವವರು ಯಾವುದಕ್ಕೆ ಜೋಡಿಸಿ ಕೇಳಿದರು ಎಂಬುದನ್ನು ಹೇಳದಿದ್ದರೆ ಆ ತೀರ್ಪಿನ ಅರ್ಧ ತೂಕ ಹೋದಂತೆ.

ಗುರಿಯೇ ಸರಿದಾಗ

ಇಷ್ಟೊಂದು ಪರಿಷ್ಕರಣೆ ಏಕೆ ಬೇಕು, ಮೊದಲ ಸಲವೇ ಸರಿಯಾಗಿ ಮಾಡಬಾರದೇ ಎಂದು ಯಾರಿಗಾದರೂ ಅನ್ನಿಸಬಹುದು. ಉತ್ತರವೆಂದರೆ ‘ಸರಿ’ ಎಂಬುದೇ ಈ ಕ್ಷೇತ್ರದಲ್ಲಿ ಸ್ಥಿರವಾಗಿ ನಿಂತಿಲ್ಲ. ಸ್ಪೀಕರಿನ ದನಿ ಕೋಣೆಯಲ್ಲಿ ಹರಡಿ, ಭುಜ, ತಲೆ, ಹಾಲೆಗಳನ್ನು ತಾಗಿ ಕಿವಿಗೆ ಬರುತ್ತದೆ. ಹೆಡ್‌ಫೋನು ಇವನ್ನೆಲ್ಲ ದಾಟಿ ನೇರ ಬಾಗಿಲಿಗೇ ಬರುತ್ತದೆ. ಹಾಗಾದರೆ ಹೆಡ್‌ಫೋನು ಕಿವಿತಮಟೆಯ ಬಳಿ ಯಾವ ದನಿಯನ್ನು ಮೂಡಿಸಿದರೆ ಅದು ಸಹಜ? 1980ರ ದಶಕದಲ್ಲಿ ಜರ್ಮನಿಯ ಗುಂಟರ್ ಥೈಲೆ, ಎಲ್ಲ ದಿಕ್ಕುಗಳಿಂದಲೂ ಸಮನಾಗಿ ದನಿ ಬರುವ ಕೋಣೆಯಲ್ಲಿ ಕಿವಿಯು ಪಡೆಯುವುದೇ ಸ್ಟುಡಿಯೋ ಹೆಡ್‌ಫೋನಿಗೆ ಮಾದರಿಯಾಗಲಿ ಎಂದು ವಾದಿಸಿದರು. ಒಂದು ತಲೆಮಾರಿನ ಯುರೋಪಿನ ಹೆಡ್‌ಫೋನುಗಳು ಆ ನೆಲೆಯಲ್ಲಿ ರೂಪುಗೊಂಡವು. 2012ರ ನಂತರ ಹರ್ಮನ್ ಕಂಪನಿಯ ಸೀನ್ ಆಲಿವ್ ಮತ್ತು ಟಾಡ್ ವೆಲ್ಟಿ ಬೇರೆ ದಾರಿ ಹಿಡಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿಸುವಂತೆ ಹೆಡ್‌ಫೋನು ಕೇಳಿಸಲಿ ಎಂದುಕೊಂಡು, ಜನರನ್ನು ಕೂರಿಸಿ ಯಾವುದು ಇಷ್ಟವೆಂದು ಕೇಳಿಯೇ ಒಂದು ಗುರಿರೇಖೆಯನ್ನು ಬರೆದರು. ಹೆಚ್ಚಿನವರು ಹಳೆಯ ಮಾದರಿಗಿಂತ ಹೆಚ್ಚು ಬೇಸ್ ಬಯಸಿದರು.

ಆ ಗುರಿರೇಖೆಯೂ ಮುಂದಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರಿಷ್ಕರಣೆಗೊಂಡಿತು ಎಂಬುದು ಗಮನಿಸಬೇಕಾದ ಸಂಗತಿ. ಅದೇ ತಂಡದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಎರಡರಷ್ಟು ಕೇಳುಗರು ಅದನ್ನು ಮೆಚ್ಚಿದರು. ಉಳಿದವರಲ್ಲಿ ಕೆಲವರಿಗೆ ಇನ್ನೂ ಹೆಚ್ಚು ಬೇಸ್ ಬೇಕಿತ್ತು, ಕೆಲವರಿಗೆ ಕಡಿಮೆ ಬೇಕಿತ್ತು. ಬಹುಮತ ಇದೆ, ಸರ್ವಾನುಮತ ಇಲ್ಲ. ಹೀಗಿರುವಾಗ ಹೊಸ ಆವೃತ್ತಿ ‘ಉತ್ತಮ’ ಎನ್ನುವುದಕ್ಕಿಂತ, ಯಾವ ಗುರಿಯ ಕಡೆಗೆ ಸರಿದಿದೆ ಎನ್ನುವುದು ಹೆಚ್ಚು ನಿಜವಾದ ವಿವರಣೆ. ಎಚ್‌ಡಿ 660ಎಸ್2 ಆಗಲಿ ಟಿ1 ಆಗಲಿ ಬೇಸ್ ಕಡೆಗೆ ವಾಲಿದ್ದನ್ನು ಕೇಳುಗರ ಅಭಿರುಚಿಯ ಬಗ್ಗೆ ಬೆಳೆದ ಈ ತಿಳಿವಳಿಕೆಯ ಹಿನ್ನೆಲೆಯಲ್ಲಿಯೇ ಓದಬೇಕು.

ಎದ್ದೇಳುವ ಆಕ್ಷೇಪಗಳು

ಮೊದಲ ಆಕ್ಷೇಪ: ಇದೆಲ್ಲ ಮನಸ್ಸಿನ ಆಟ. ಹೊಸದೆಂದು ಹೇಳಿದರೆ ಹೊಸದಾಗಿ ಕೇಳುತ್ತದೆ, ಬೆಲೆ ಹೆಚ್ಚಿದ್ದರೆ ಇಂಪಾಗಿ ಕೇಳುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ದನಿಯ ಸೂಕ್ಷ್ಮ ಬಣ್ಣವನ್ನು ಮೆದುಳು ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಕಾಲ ನಿಖರವಾಗಿ ನೆನಪಿಡಲಾರದು. ಅರ್ಧ ಡೆಸಿಬಲ್ ಜೋರಾಗಿರುವುದನ್ನು ಕಿವಿ ಜೋರು ಎನ್ನದೆ ‘ಚೆನ್ನಾಗಿದೆ’ ಎನ್ನುತ್ತದೆ. ಹೆಡ್‌ಫೋನನ್ನು ತೆಗೆದು ಮತ್ತೆ ಹಾಕಿಕೊಂಡರೆ ಎತ್ತರದ ಸ್ವರಗಳು ಹಲವು ಡೆಸಿಬಲ್ ಅತ್ತಿತ್ತ ಆಗುತ್ತವೆ. ಕಣ್ಣುಕಟ್ಟಿ ಪರೀಕ್ಷಿಸೋಣ ಎಂದರೂ ತೂಕ ಮತ್ತು ಸ್ಪರ್ಶ ಗುಟ್ಟು ಬಿಟ್ಟುಕೊಡುತ್ತವೆ. ಹರ್ಮನ್ ತಂಡ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಒಂದೇ ಹೆಡ್‌ಫೋನಿನಲ್ಲಿ ಬೇರೆ ಬೇರೆ ಹೆಡ್‌ಫೋನುಗಳ ದನಿಯ ಬಣ್ಣವನ್ನು ಅನುಕರಿಸಿ ಕೇಳಿಸುವುದು. ಹಾಗೆ ಗುರುತು ಮರೆಸಿದ ಮೇಲೂ ಕೇಳುಗರು ವ್ಯತ್ಯಾಸ ಗುರುತಿಸಿದರು, ಒಂದನ್ನು ಇನ್ನೊಂದಕ್ಕಿಂತ ಮೆಚ್ಚಿದರು. ಮನಸ್ಸು ವ್ಯತ್ಯಾಸವನ್ನು ಹಿಗ್ಗಿಸಬಲ್ಲದು ನಿಜ. ಆದರೆ 6 ಕಿಲೋಹರ್ಟ್ಸ್‌ನ ಶಿಖರ ಇಳಿದದ್ದು ಯಂತ್ರದ ಮೈಕ್ರೊಫೋನಿಗೂ ಗೊತ್ತಾಗಿದೆ. ಯಂತ್ರಕ್ಕೆ ಬೆಲೆಪಟ್ಟಿ ಓದಲು ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಫೋನಿನಲ್ಲಿ ಈಕ್ವಲೈಸರ್ ಇರುವಾಗ ಹೊಸ ಹೆಡ್‌ಫೋನು ಏಕೆ? ಬೇಕಾದ ಕಡೆ ಎತ್ತಿ, ಬೇಡದ ಕಡೆ ತಗ್ಗಿಸಿದರಾಯಿತಲ್ಲ. ಅಗಲವಾದ ವಲಯದ ಏರಿಳಿತಗಳಿಗೆ ಇದು ನಿಜವಾಗಿಯೂ ಒಳ್ಳೆಯ, ಅಗ್ಗದ ಪರಿಹಾರ. ಒಂದೆರಡು ಡೆಸಿಬಲ್ ಬೆಚ್ಚನೆಯ ದನಿಗಾಗಿ ಹೊಸ ಆವೃತ್ತಿ ಕೊಳ್ಳುವವರು ಮೊದಲು ಇದನ್ನು ಮಾಡಿ ನೋಡುವುದು ವಿವೇಕ. ಆದರೆ ಅದಕ್ಕೂ ಮಿತಿಗಳಿವೆ. ತೆರೆದ ಹೆಡ್‌ಫೋನಿನಲ್ಲಿ 30 ಹರ್ಟ್ಸ್ ದನಿಯನ್ನು ಬಲವಂತವಾಗಿ ಎತ್ತಿದರೆ ಪೊರೆ ತನ್ನ ಹದ್ದು ಮೀರಿ ಓಲಾಡಿ ದನಿ ವಿರೂಪಗೊಳ್ಳುತ್ತದೆ. ಅಲ್ಲಿ ಅಂಚಿನ ಬಿಗಿತವನ್ನೇ ಬದಲಿಸಿದ ವಿನ್ಯಾಸದ ಕೆಲಸವನ್ನು ಸಾಫ್ಟ್‌ವೇರ್ ಮಾಡಲಾರದು. ಎತ್ತರದ ಸ್ವರದ ಕಿರಿದಾದ ಶಿಖರ ಕಿವಿಯಿಂದ ಕಿವಿಗೆ, ಹಾಕಿಕೊಳ್ಳುವ ರೀತಿಯಿಂದ ರೀತಿಗೆ ಸ್ಥಳ ಬದಲಿಸುತ್ತದೆ. ಬೇರೊಬ್ಬರ ಅಳತೆ ನೋಡಿ ಕತ್ತರಿಸಿದರೆ ಶಿಖರದ ಪಕ್ಕದಲ್ಲಿ ಕಂದಕ ತೋಡಿದಂತಾಗಬಹುದು. ಮೂಲದಲ್ಲೇ ಶಿಖರ ಏಳದಂತೆ ಮಾಡುವ ಹೀರುಕೋಣೆ ಯಾರ ಕಿವಿಯ ಮುಂದೆಯೂ ಕೆಲಸ ಮಾಡುತ್ತದೆ.

ಮೂರನೆಯದು ಬಳಕೆಯಿಂದ ದನಿ ಹದಗೊಳ್ಳುತ್ತದೆ ಎಂಬ ನಂಬಿಕೆ. ಹೊಸದನ್ನು ನೂರಾರು ಗಂಟೆ ನುಡಿಸಿದ ಮೇಲಷ್ಟೇ ತೀರ್ಪು ಕೊಡಬೇಕು ಎನ್ನುತ್ತಾರೆ. ಡ್ರೈವರಿನಲ್ಲಿ ಆಗುವ ಬದಲಾವಣೆ ಅತಿ ಸಣ್ಣದು. ಹೆಡ್‌ಫೋನನ್ನು ಮತ್ತೊಮ್ಮೆ ಹಾಕಿಕೊಂಡಾಗ ಆಗುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಆದರೆ ಪ್ಯಾಡಿನ ವಿಷಯ ಬೇರೆ. ಅದರ ಸ್ಪಂಜು ಅಮರಿದಂತೆ ಡ್ರೈವರ್ ಕಿವಿಗೆ ಹತ್ತಿರವಾಗುತ್ತದೆ, ಮುಂದಿನ ಗಾಳಿಕೋಣೆ ಕಿರಿದಾಗುತ್ತದೆ, ಅಂಚಿನ ಹಿಡಿತ ಬದಲಾಗುತ್ತದೆ. ಕನ್ನಡಕದ ಕಡ್ಡಿಯಷ್ಟು ಸಂದು ಬಿದ್ದರೂ ಬೇಸ್ ಸೋರಿಹೋಗಬಹುದು. ನಮ್ಮ ಕರಾವಳಿಯಂಥ ಬಿಸಿ ಮತ್ತು ತೇವದ ಹವೆಯಲ್ಲಿ ಪಾಲಿಯುರೆಥೇನ್ ಕೃತಕ ಚರ್ಮದ ಪ್ಯಾಡುಗಳು ಬೇಗ ಸಿಪ್ಪೆಯೇಳುತ್ತವೆ. ಐದು ವರ್ಷ ಹಳೆಯ ಪ್ಯಾಡಿನ ಹಳೆಯ ಆವೃತ್ತಿಯನ್ನು ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹೊಸ ಆವೃತ್ತಿಯೊಂದಿಗೆ ಹೋಲಿಸಿದರೆ ಹೋಲಿಕೆಯಾಗುವುದು ಪ್ಯಾಡುಗಳದ್ದೇ. ಹೊಸ ಹೆಡ್‌ಫೋನಿನ ಆಸೆ ಮೂಡಿದಾಗ ಮೊದಲು ಹೊಸ ಪ್ಯಾಡ್ ಹಾಕಿ ಕೇಳಿ ಎಂಬ ಸಲಹೆಗೆ ಗಟ್ಟಿಯಾದ ಆಧಾರವಿದೆ.

ಕೊನೆಯ ಆಕ್ಷೇಪ ಬೆಲೆಯದ್ದು. ದುಬಾರಿ ಹೆಡ್‌ಫೋನಿನಲ್ಲಿ ಪರಿಷ್ಕರಣೆ ನಡೆದರೆ ಅದು ಒಳ್ಳೆಯದಕ್ಕೇ ಇರಬೇಕಲ್ಲವೇ? ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ಹೋಲಿಸಿ ನೋಡಿದರು. ದನಿಯ ಆವರ್ತನ ಸ್ಪಂದನಕ್ಕೂ ಅಂಗಡಿಯ ಬೆಲೆಗೂ ಸಂಬಂಧ ಕಾಣಲಿಲ್ಲ. ದುಬಾರಿ ಹೆಡ್‌ಫೋನುಗಳೆಲ್ಲ ಮೋಸ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಕಡಿಮೆ ವಿರೂಪ, ಎಡಬಲದ ಹೊಂದಾಣಿಕೆ, ಬಾಳಿಕೆ, ತೊಟ್ಟಾಗಿನ ಆರಾಮ ಇವಕ್ಕೆ ನಿಜವಾದ ಖರ್ಚಿದೆ. ಆದರೆ ಬೆಲೆ ಎಂಬುದು ದನಿಯ ಸಮತೋಲಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ; ಆವೃತ್ತಿಯ ಹೊಸ ಸಂಖ್ಯೆಯೂ ಅಲ್ಲ.

ಹೇಳಬೇಕಾದದ್ದು, ಕೇಳಬೇಕಾದದ್ದು

ಇಷ್ಟೆಲ್ಲ ಸಾಕ್ಷ್ಯದ ಮುಂದೆ ತಯಾರಕರ ಹೊಣೆ ಏನೆಂಬುದು ಸ್ಪಷ್ಟ. ಹೆಸರಿಗೆ ಒಂದು ಅಕ್ಷರ ಸೇರಿಸಿ, ಏನು ಬದಲಿಸಿದೆವು ಎಂದು ಹೇಳಿ ಮಾರಿದ ಪರಿಷ್ಕರಣೆಯೊಂದಿಗೆ ಜಗಳವಿಲ್ಲ. ಜಗಳವಿರುವುದು ಹೆಸರನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಬಟ್ಟೆ, ಪ್ಯಾಡ್, ಡ್ರೈವರನ್ನು ಸದ್ದಿಲ್ಲದೆ ಬದಲಿಸುವ ಪದ್ಧತಿಯೊಂದಿಗೆ. ಬಿಡಿಭಾಗ ಒದಗಿಸುವವರು ಬದಲಾಗುತ್ತಲೇ ಇರುತ್ತಾರೆ, ಪ್ರತಿ ಚಿಕ್ಕ ಬದಲಾವಣೆಯನ್ನೂ ಸಾರಲಾಗದು ಎಂದು ತಯಾರಕರು ಹೇಳಬಹುದು. ಅದು ನ್ಯಾಯವಾದ ಮಾತು. ಹಾಗಿದ್ದರೆ ಒಂದು ಗೆರೆ ಎಳೆಯೋಣ: ಅಗಲವಾದ ಸ್ವರವಲಯದಲ್ಲಿ ದನಿ ಒಂದು ಡೆಸಿಬಲ್‌ಗಿಂತ ಹೆಚ್ಚು ಸರಿಯುವಂತಿದ್ದರೆ ಪೆಟ್ಟಿಗೆಯ ಮೇಲೆ ಆವೃತ್ತಿಯ ಗುರುತು ಇರಲಿ, ಹಳೆಯ ಮತ್ತು ಹೊಸ ಅಳತೆಯ ನಕ್ಷೆಗಳು ಪಕ್ಕಪಕ್ಕದಲ್ಲಿ ಸಿಗಲಿ, ಹಳೆಯ ಆವೃತ್ತಿಗೆ ಹೊಂದುವ ಪ್ಯಾಡುಗಳ ಮಾರಾಟ ಮುಂದುವರಿಯಲಿ. ಅಳೆಯುವ ಯಂತ್ರಗಳು ಪ್ರತಿ ದೊಡ್ಡ ತಯಾರಕರ ಪ್ರಯೋಗಾಲಯದಲ್ಲೂ ಇವೆ. ನಕ್ಷೆ ಪ್ರಕಟಿಸಲು ಬೇಕಾದದ್ದು ಹಣಕ್ಕಿಂತ ಮನಸ್ಸು.

ಈ ಬೇಡಿಕೆ ಕರ್ನಾಟಕದ ಕೇಳುಗರಿಗೆ ವಿಶೇಷವಾಗಿ ಮುಖ್ಯ. ಇಂಥ ಹೆಡ್‌ಫೋನುಗಳನ್ನು ತೊಟ್ಟು ಕೇಳಿ ನೋಡುವ ಅವಕಾಶ ದೊಡ್ಡ ನಗರದ ಕೆಲವೇ ಅಂಗಡಿಗಳಲ್ಲಿದೆ. ಉಳಿದವರು ವಿಮರ್ಶೆ ಓದಿ, ಆನ್‌ಲೈನ್‌ನಲ್ಲಿ ಹಣ ಕಟ್ಟಿ, ಬಂದದ್ದನ್ನು ಒಪ್ಪಿಕೊಳ್ಳಬೇಕು. ಓದಿದ ವಿಮರ್ಶೆ ಹಳೆಯ ಆವೃತ್ತಿಯದಾಗಿ, ಕೈಗೆ ಬಂದದ್ದು ಹೊಸದಾಗಿದ್ದರೆ ಆ ಓದು ನಿಷ್ಫಲ. ಕೊಳ್ಳುವ ಮುನ್ನ ವಿಮರ್ಶೆಯ ವರ್ಷ ಮತ್ತು ಆವೃತ್ತಿಯನ್ನು ನೋಡುವುದು, ನಮ್ಮ ಬಳಿಯಿರುವ ಸಾಧನ ಅದನ್ನು ನುಡಿಸಬಲ್ಲದೇ ಎಂದು ಲೆಕ್ಕ ಹಾಕುವುದು, ಎರಡನ್ನು ಹೋಲಿಸುವಾಗ ದನಿಯ ಮಟ್ಟವನ್ನು ಮೊದಲು ಸರಿಹೊಂದಿಸುವುದು, ಪರಿಚಿತ ಹಾಡನ್ನೇ ಕೇಳುವುದು ಇವಿಷ್ಟು ನಮ್ಮ ಕೈಯಲ್ಲಿರುವ ಕೆಲಸ. ತಂಬೂರಿಯ ಜೀವಾಳದ ಝೇಂಕಾರ, ಮೃದಂಗದ ಎಡಮುಖದ ಗುಮುಕಿ, ಗಾಯಕರ ಉಸಿರು, ಇವುಗಳಲ್ಲಿ ನಮಗೆ ಯಾವುದು ಮುಖ್ಯ ಎಂದು ತಿಳಿದಿದ್ದರೆ ಯಾವ ಆವೃತ್ತಿ ನಮ್ಮದು ಎಂಬುದೂ ತಿಳಿಯುತ್ತದೆ. ಹೊಸದು ಬಂದ ಮಾತ್ರಕ್ಕೆ ಮನೆಯಲ್ಲಿರುವ ಹಳೆಯದು ಕೆಟ್ಟದಾಗುವುದಿಲ್ಲ. ಅದು ಅದರದೇ ಸಮತೋಲವಿರುವ ವಾದ್ಯ. ಚೆನ್ನಾಗಿ ನೋಡಿಕೊಂಡರೆ ಎಷ್ಟೋ ಆವೃತ್ತಿಗಳು ಬಂದು ಹೋದ ಮೇಲೂ ಅದು ಸಂಗೀತಕ್ಕೆ ನಿಷ್ಠವಾಗಿ ದುಡಿಯುತ್ತದೆ. ತಯಾರಕರು ಬದಲಾವಣೆಯನ್ನು ಅಳೆದು ಹೇಳುವುದನ್ನು, ಕೇಳುಗರು ಅಳತೆಯನ್ನು ಓದಿ ತಮ್ಮ ಕಿವಿಯಿಂದ ಪರೀಕ್ಷಿಸುವುದನ್ನು ರೂಢಿಸಿಕೊಂಡರೆ, ಪರಿಷ್ಕರಣೆ ಜಾಹೀರಾತಿನ ಪದವಾಗಿ ಉಳಿಯದೆ ಕಲೆಯ ಒಂದು ಭಾಗವಾಗುತ್ತದೆ.